ಹಲಗಿ ನಮ್ಮದು, ಮಾತು ಯಾರದು? ಸಮುದಾಯ ರೇಡಿಯೋ ಮತ್ತು ನೆಲದ ಹಕ್ಕು

ಊರೊಳಗೆ ಡಂಗುರ ಸಾರಿದವರು ಯಾರು? ಸಮುದಾಯ ರೇಡಿಯೋದ ಬಗ್ಗೆ ಬರೆಯಲು ಕೂತಾಗ ನನಗೆ ಮೊದಲು ಎದುರಾದದ್ದು ಈ ಪ್ರಶ್ನೆ. ಕಂದಾಯದ ಗಡುವು, ಜಾತ್ರೆಯ ದಿನ, ಜಪ್ತಿ, ಹರಾಜು, ಸರ್ಕಾರದ ಹುಕುಂ, ಗೌಡರ ಅಪ್ಪಣೆ ಎಲ್ಲವೂ ಓಣಿ ಓಣಿಗೆ ಮುಟ್ಟಿದ್ದು ಕೇರಿಯವನ ಹಲಗಿಯಿಂದ, ಅವನ ಕೊರಳಿನಿಂದ. ಊರಿನ ಅತ್ಯಂತ ಗಟ್ಟಿ ದನಿ ಅವನದೇ. ಆದರೆ ಆ ದನಿಯಲ್ಲಿ ಹೊರಟ ಒಂದು ಮಾತೂ ಅವನದಾಗಿರಲಿಲ್ಲ. ತನ್ನವರ ತುಂಡು ಹೊಲದ ಹರಾಜಾದರೂ ಅವನೇ ಸಾರಬೇಕಿತ್ತು. ಬಂಡಾಯದ ದಿನಗಳಿಂದ ನಮ್ಮ ವಿಮರ್ಶೆ ಹಲಗಿಯನ್ನು ಪ್ರತಿಭಟನೆಯ ಸಂಕೇತವಾಗಿ, ಕಲೆಯಾಗಿ ನೋಡುತ್ತ ಬಂದಿದೆ. ಸರಿಯೆ. ಆದರೆ ಅದು ಒಂದು ಮಾಧ್ಯಮವೂ ಆಗಿತ್ತು, ಆ ಮಾಧ್ಯಮದ ಯಜಮಾನಿಕೆ ಬೇರೆಯವರ ಕೈಯಲ್ಲಿತ್ತು ಎಂಬುದನ್ನು ನಾವು ಸಾಕಷ್ಟು ಗಮನಿಸಿಲ್ಲ.

ಆದ್ದರಿಂದಲೇ ಸಮುದಾಯ ರೇಡಿಯೋ ಎಂದ ಕೂಡಲೆ ಸೆಮಿನಾರುಗಳಲ್ಲಿ ಕೇಳಿಬರುವ 'ದನಿಯಿಲ್ಲದವರಿಗೆ ದನಿ' ಎಂಬ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ದನಿ ಎಂದೂ ಇತ್ತು. ಅಂಬೇಡ್ಕರ್ 1920ರ ಜನವರಿಯಲ್ಲಿ ತಮ್ಮ ಮೊದಲ ಪತ್ರಿಕೆಗೆ 'ಮೂಕನಾಯಕ' ಎಂದು ಹೆಸರಿಟ್ಟರು. ಹಣ ಕೊಡುತ್ತೇವೆಂದರೂ ಅದರ ಜಾಹೀರಾತನ್ನು 'ಕೇಸರಿ' ಪತ್ರಿಕೆ ಅಚ್ಚು ಹಾಕಲಿಲ್ಲ. ಅಚ್ಚುಮನೆ ಯಾರದೋ ಅವರು ಇನ್ನೊಬ್ಬರನ್ನು ಮೂಕರನ್ನಾಗಿ ಮಾಡಬಲ್ಲರು. ರೇಡಿಯೋದ ವಿಷಯದಲ್ಲಿ ಆ ಅಚ್ಚುಮನೆಯ ಹೆಸರು ತರಂಗಾಂತರ, ಮತ್ತು ಅದರ ಲೈಸೆನ್ಸು.

ಈ ಲೈಸೆನ್ಸಿನ ಕತೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಕಾಶವಾಣಿ ಸರ್ಕಾರದ್ದು. ಸಿನಿಮಾ ಹಾಡು ಹಾಕುವ ಖಾಸಗಿ ಎಫ್ಎಂ ನಿಲಯಗಳು ಹರಾಜಿನಲ್ಲಿ ಕಂಪನಿಗಳು ಕೊಂಡವು. ಮೂರನೆಯದು ಸಮುದಾಯ ರೇಡಿಯೋ. 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ತರಂಗಾಂತರಗಳು ಸಾರ್ವಜನಿಕ ಆಸ್ತಿ ಎಂದು ತೀರ್ಪು ಕೊಟ್ಟಿತು. ಮರುವರ್ಷ ಬೆಂಗಳೂರಿನಲ್ಲಿ ಸೇರಿದವರು ಜನರ ರೇಡಿಯೋಕ್ಕೆ ಒತ್ತಾಯಿಸಿ ಒಂದು ಘೋಷಣೆ ಹೊರಡಿಸಿದರು. ಸರ್ಕಾರ 2002ರಲ್ಲಿ ಮಣಿಯಿತು, ಆದರೆ ಕಾಲೇಜು, ವಿಶ್ವವಿದ್ಯಾಲಯಗಳಿಗೆ ಮಾತ್ರ. ಓದಿದವರ ಕೈಗೆ ಮೊದಲು, ದುಡಿದವರ ಕೈಗೆ ಆಮೇಲೆ. ಇದು ನಮಗೇನೂ ಹೊಸ ಕ್ರಮವಲ್ಲ. ಸ್ವಯಂಸೇವಾ ಸಂಸ್ಥೆಗಳಿಗೂ ಅವಕಾಶ ಸಿಕ್ಕಿದ್ದು 2006ರ ನವೆಂಬರಿನಲ್ಲಿ. ಸಾಮಾನ್ಯವಾಗಿ 100 ವ್ಯಾಟ್ ಶಕ್ತಿ, 30 ಮೀಟರ್ ಎತ್ತರದ ಕಂಬ. ಹತ್ತು ಹದಿನೈದು ಕಿಲೋಮೀಟರ್ ಸುತ್ತ ಕೇಳುತ್ತದೆ. ತಿಕೋಟಾದಲ್ಲಿ ಕಂಬ ನಿಲ್ಲಿಸಿದರೆ ಸುತ್ತಲಿನ ಹಳ್ಳಿ, ತಾಂಡಾಗಳಿಗೆ ಕೇಳೀತು, ಗೋಳಗುಮ್ಮಟದ ತನಕ ಮುಟ್ಟುವುದು ಕಷ್ಟ. ಅಷ್ಟು ಸಣ್ಣದು. ಈ ಸಣ್ಣ ವಸ್ತುವಿಗೂ ಸರ್ಕಾರ ಒಂದು ದೊಡ್ಡ ಷರತ್ತು ಹಾಕಿತು. ಸುದ್ದಿ ಮತ್ತು ಪ್ರಚಲಿತ ವಿದ್ಯಮಾನವನ್ನು ಬಿತ್ತರಿಸುವಂತಿಲ್ಲ.

ಆ ಷರತ್ತು ಬರೆದ ಮರುತಿಂಗಳೇ, 2006ರ ಡಿಸೆಂಬರಿನಲ್ಲಿ, ಸಂಸತ್ತಿನಲ್ಲಿ ಅರಣ್ಯ ಹಕ್ಕು ಕಾಯ್ದೆ ಪಾಸಾಯಿತು. ಕಾಡಿನಲ್ಲಿ ಯಾರ ಹಕ್ಕು ಎಲ್ಲಿಯ ತನಕ ಎಂದು ತೀರ್ಮಾನಿಸುವ ಕೆಲಸ ಗ್ರಾಮಸಭೆಯಿಂದ ಶುರುವಾಗಬೇಕು ಎಂದಿತು ಆ ಕಾಯ್ದೆ. ಗ್ರಾಮಸಭೆ ಎಂದರೆ ಜನ ಕೂತು ಬಾಯಿಬಿಟ್ಟು ಮಾತಾಡುವ ಸಭೆ. ಒಡಿಶಾದ ನಿಯಮಗಿರಿಯಲ್ಲಿ 2013ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ನಡೆದ 12 ಗ್ರಾಮಸಭೆಗಳೂ ಗಣಿಗಾರಿಕೆ ಬೇಡವೆಂದವು. ಡೋಂಗ್ರಿಯಾ ಕೊಂಧರ ಬಾಯಿಮಾತು ಅಲ್ಲಿ ಕಾನೂನಿನ ತೂಕ ಪಡೆಯಿತು. ಅಂದರೆ ಒಂದು ಕಾಗದ ಜನರಿಗೆ 'ನಿಮ್ಮ ನೆಲದ ಬಗ್ಗೆ ನೀವೇ ಮಾತಾಡಿರಿ' ಎಂದಿತು. ಇನ್ನೊಂದು ಕಾಗದ 'ರೇಡಿಯೋದಲ್ಲಿ ಮಾತಾಡಿರಿ, ಆದರೆ ಊರಲ್ಲಿ ಏನು ನಡೆದಿದೆ ಅಂತ ಮಾತ್ರ ಹೇಳಬ್ಯಾಡ್ರಿ' ಎಂದಿತು. ಈ ಎರಡು ಕಾಗದಗಳ ನಡುವಿನ ಸಂದಿಯಲ್ಲಿಯೇ ನೆಲದ ಹಕ್ಕಿನ ರೇಡಿಯೋ ಉಸಿರಾಡಬೇಕಾಗಿದೆ.

ಕಾಡಿಲ್ಲದ ವಿಜಯಪುರಕ್ಕೆ ಇದರ ಸಂಬಂಧವೇನು ಎಂದು ಕೇಳಬಹುದು. ನಮ್ಮ ಕಡೆಯ ಲಂಬಾಣಿಗರು ಸರ್ಕಾರದ ಪಟ್ಟಿಯಲ್ಲಿ ಪರಿಶಿಷ್ಟ ಜಾತಿ, ಬುಡಕಟ್ಟಲ್ಲ. 'ಮೂಲನಿವಾಸಿ' ಎಂಬ ಮಾತನ್ನು ಭಾರತ ಸರ್ಕಾರ ತನ್ನ ಯಾವ ಪಟ್ಟಿಗೂ ಸೇರಿಸಿಲ್ಲ. 2007ರಲ್ಲಿ ವಿಶ್ವಸಂಸ್ಥೆಯ ಮೂಲನಿವಾಸಿಗಳ ಹಕ್ಕಿನ ಘೋಷಣೆಗೆ ಅದು ಮತ ಹಾಕಿತು. ಆದರೆ ಭಾರತೀಯರೆಲ್ಲ ಮೂಲನಿವಾಸಿಗಳೇ ಎಂಬುದು ಅದರ ವಾದ. ತಮ್ಮ ಭಾಷೆಯಲ್ಲಿ ತಮ್ಮದೇ ಮಾಧ್ಯಮ ಕಟ್ಟಿಕೊಳ್ಳುವ ಹಕ್ಕು ಆ ಘೋಷಣೆಯ 16ನೇ ಕಲಮಿನಲ್ಲಿದೆ. ಪಟ್ಟಿ ಏನೇ ಇರಲಿ, ನೆಲ ಕೈತಪ್ಪುವ ದಾರಿ ಹಾಡಿಗೂ ತಾಂಡಾಕ್ಕೂ ಕೇರಿಗೂ ಒಂದೇ. ಕಾಗದದ ದಾರಿ ಅದು.

ನಾನು ಪಾಠ ಹೇಳುವ ತರಗತಿಗೆ ತಿಕೋಟಾ, ಬಬಲೇಶ್ವರ ಕಡೆಯ ತಾಂಡಾಗಳಿಂದ ಬಸ್ಸು ಹಿಡಿದು ಬರುವ ಹುಡುಗ ಹುಡುಗಿಯರಿದ್ದಾರೆ. ಮನೆಯಲ್ಲಿ ಗೋರಬೋಲಿ, ಬಸ್ಸಿನಲ್ಲಿ ವಿಜಯಪುರದ ಕನ್ನಡ, ಪರೀಕ್ಷೆಯಲ್ಲಿ ಪುಸ್ತಕದ ಕನ್ನಡ. 2023ರ ಜನವರಿ 19ರಂದು ಪ್ರಧಾನಿ ಮಳಖೇಡದಲ್ಲಿ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಹಂಚಿದರು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಈ ಐದು ಜಿಲ್ಲೆಗಳಲ್ಲಿ ದಾಖಲೆಯೇ ಇಲ್ಲದಿದ್ದ ಸುಮಾರು 1,475 ವಸತಿಗಳು, ತಾಂಡಾಗಳೂ ಸೇರಿ, ಕಂದಾಯ ಗ್ರಾಮಗಳಾದವು. ತಲೆಮಾರುಗಳಿಂದ ಜನ ಹುಟ್ಟಿ ಸತ್ತ ಊರುಗಳು ಅಂದಿನ ತನಕ ಸರ್ಕಾರದ ಕಾಗದದಲ್ಲಿ ಇರಲೇ ಇಲ್ಲ ಎಂಬುದನ್ನು ಒಂದು ಗಳಿಗೆ ನಿಂತು ಯೋಚಿಸಬೇಕು. "ಹಕ್ಕುಪತ್ರ ಬಂತ್ರಿ ಸರ್, ಇನ್ನ ಹೊಲಾನೂ ನಮ್ದ ಆತಲ್ರಿ?" ಎಂದು ಒಬ್ಬ ಹುಡುಗ ಕೇಳಿದ. ಅದು ವಾಸದ ಮನೆಯ ಜಾಗದ ಹಕ್ಕು. ಹೊಲದ ಉತಾರ ಬ್ಯಾರೆ. ಈ ಅಂತರವನ್ನು ಗೋರಬೋಲಿಯಲ್ಲಿ ಅವನ ಅವ್ವನಿಗೆ ಯಾರು ಹೇಳಿದರು?

ಇಂಥದೇ ಇನ್ನೊಂದು ಮಾತು. ದಲಿತರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಪರಭಾರೆ ಮಾಡಿಕೊಳ್ಳುವುದನ್ನು ತಡೆಯಲು 1978ರ ಪಿಟಿಸಿಎಲ್ ಕಾಯ್ದೆ ಇದೆ. ಹೀಗೆ ಹೋದ ಜಮೀನನ್ನು ವಾಪಸು ಕೇಳಿ ಉಪವಿಭಾಗಾಧಿಕಾರಿಗೆ ಅರ್ಜಿ ಹಾಕಬಹುದು. ಸಮಂಜಸವಾದ ಅವಧಿಯೊಳಗೆ ಕೇಳಬೇಕು ಎಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿದ ಮೇಲೆ ಎಷ್ಟೋ ಅರ್ಜಿಗಳು ಬಿದ್ದವು. ಕಾಲಮಿತಿ ಇಲ್ಲವೆಂದು ವಿಧಾನಮಂಡಲ 2023ರಲ್ಲಿ ತಿದ್ದುಪಡಿ ತಂದಿತು. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಸೀಮೆಗೆ ಹತ್ತಿದಾಗ ಭೂಮಿಯ ಬೆಲೆಯೂ ಹತ್ತಿತು. ದ್ರಾಕ್ಷಿ ತೋಟದ ಪಕ್ಕದ ಬರಡು ತುಂಡಿಗೂ ಗಿರಾಕಿ ಬಂದ. ಕಾಯ್ದೆಯ ಗುಟ್ಟು ವಕೀಲರಿಗೆ ಗೊತ್ತು, ಏಜೆಂಟರಿಗೆ ಇನ್ನೂ ಚೆನ್ನಾಗಿ ಗೊತ್ತು.

ಕಾಗದದ ಒಂದು ಶಬ್ದ ಏನು ಮಾಡಬಲ್ಲದೆಂದು ತಿಕೋಟಾ ತಾಲೂಕಿನ ಹೊನವಾಡ 2024ರ ಅಕ್ಟೋಬರಿನಲ್ಲಿ ಕಂಡಿತು. ಊರಿನ 1,200 ಎಕರೆ ವಕ್ಫ್ ಆಸ್ತಿಯಾಗುತ್ತದೆಂದು ರೈತರು ಬೆದರಿದರು. 1974ರ ಗೆಜೆಟ್ಟಿನಲ್ಲಿ ವಿಜಯಪುರದ ಮಹಲಬಾಗಾಯತದ ಜೊತೆ ಆವರಣದಲ್ಲಿ ತಪ್ಪಾಗಿ ಹೊನವಾಡದ ಹೆಸರು ಸೇರಿತ್ತು, 1977ರಲ್ಲೇ ಅದನ್ನು ತಿದ್ದಲಾಗಿದೆ, ಹೊನವಾಡದಲ್ಲಿ ವಕ್ಫ್ ಜಾಗ 11 ಎಕರೆ ಮಾತ್ರ ಎಂದು ಸರ್ಕಾರ ವಿವರಿಸಿತು. ಮುಂದಿನ ತಿಂಗಳು ರೈತರಿಗೆ ಕೊಟ್ಟ ನೋಟಿಸುಗಳನ್ನು ಹಿಂಪಡೆಯಲು ಮುಖ್ಯಮಂತ್ರಿ ಹೇಳಿದರು. ಆದರೆ ಅಷ್ಟರೊಳಗೆ ಬೆಂಗಳೂರಿನ ಚಾನೆಲ್ಲುಗಳು ನಮ್ಮೂರಿನ ಹಿಂದೂ ಮುಸಲ್ಮಾನರ ನಡುವೆ ಏನು ಬಿತ್ತಬೇಕೋ ಅದನ್ನು ಬಿತ್ತಿಯಾಗಿತ್ತು. ಊರಿನ ಮಂದಿಯೇ ಕೂತು ಸರ್ವೆ ನಂಬರ್ ಸಮೇತ ಉತಾರ ಓದಿ ಹೇಳುವ ಒಂದು ಸಣ್ಣ ನಿಲಯ ಇದ್ದಿದ್ದರೆ? ನಿಯಮದ ಕಣ್ಣಿಗೆ ಅದು 'ಪ್ರಚಲಿತ ವಿದ್ಯಮಾನ' ಆಗಿಬಿಡುತ್ತಿತ್ತೋ ಏನೋ!

ಈ ನಿಯಮವನ್ನು ದಾಟಿದವರಿಲ್ಲವೆ? ಇದ್ದಾರೆ, ನಮ್ಮ ಬೀದರಿನ ಗಡಿಯಾಚೆಯೇ. ತೆಲಂಗಾಣದ ಜಹೀರಾಬಾದ್ ಬಳಿಯ ಮಾಚನೂರಿನ 'ಸಂಘಂ ರೇಡಿಯೋ'ವನ್ನು ನಡೆಸುವವರು ದಲಿತ ಹೆಂಗಸರು. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳಲ್ಲಿ ಸೇರಿದ ಈ ಹೆಂಗಸರು ಯಾರೂ ಬಿತ್ತದ ಬರಡು ನೆಲವನ್ನು ಹಸನು ಮಾಡಿ, ಜೋಳ, ನವಣೆ, ಸಜ್ಜೆ, ಬೇಳೆಕಾಳುಗಳ ಬೀಜ ಕೂಡಿಟ್ಟವರು. ಯುನೆಸ್ಕೋ ನೆರವಿನಿಂದ 1998ರಲ್ಲೇ ಸ್ಟುಡಿಯೋ ಸಿದ್ಧವಾಯಿತು. ಲೈಸೆನ್ಸ್ ಇಲ್ಲ. ಹತ್ತು ವರ್ಷ ಅವರು ಕಾರ್ಯಕ್ರಮ ಮಾಡಿ, ಕ್ಯಾಸೆಟ್ ಹೊತ್ತು, ಸಂಘದ ಸಭೆಗಳಲ್ಲಿ ಕೇಳಿಸಿದರು. ಕೊನೆಗೆ 2008ರ ಅಕ್ಟೋಬರ್ 15ರಂದು ನಿಲಯ ಗಾಳಿಗೇರಿತು. ಉದ್ಘಾಟಿಸಿದವರು 1995ರ ತೀರ್ಪು ಬರೆದ ನ್ಯಾಯಮೂರ್ತಿ ಪಿ. ಬಿ. ಸಾವಂತ್. ಕನ್ಸೋಲಿನ ಮುಂದೆ ಕೂತವರು ಜನರಲ್ ನರಸಮ್ಮ ಮತ್ತು ಅಲ್ಗೋಲ್ ನರಸಮ್ಮ.

ಅವರು ನಿಯಮ ಮುರಿಯಲಿಲ್ಲ, ಬೇರೆ ಬಾಗಿಲಿನಿಂದ ಒಳಹೊಕ್ಕರು. ಯಾವ ಮಳೆಗೆ ಯಾವ ಬೀಜ, ಅಕ್ಕಡಿ ಸಾಲಿನಲ್ಲಿ ಏನು ಹಾಕಬೇಕು, ದನದ ರೋಗಕ್ಕೆ ಯಾವ ಸೊಪ್ಪು, ಬೀಸುಕಲ್ಲಿನ ಪದ. ಇದನ್ನು ಯಾವ ಇನ್‌ಸ್ಪೆಕ್ಟರೂ ಸುದ್ದಿ ಎನ್ನಲಾರ. ಆದರೆ 'ಈ ಹೊಲದಲ್ಲಿ ಹಿಂದೆ ಏನು ಬಿತ್ತುತ್ತಿದ್ದರು' ಎಂದು ಮುದುಕಿಯೊಬ್ಬಳು ಮೈಕಿನ ಮುಂದೆ ನೆನೆಸಿಕೊಂಡರೆ ಆ ನೆನಪಿನೊಳಗೆ ಹೊಲದ ಹೆಸರು, ಉತ್ತವರ ಹೆಸರು, ಕಸಿದುಕೊಂಡವರ ನೆರಳು ಎಲ್ಲವೂ ಬರುತ್ತವೆ. ನಮ್ಮ ಮೌಖಿಕ ಪರಂಪರೆಯನ್ನು 'ಜಾನಪದ' ಎಂದು ಕಪಾಟಿನಲ್ಲಿಟ್ಟ ವಿಶ್ವವಿದ್ಯಾಲಯಗಳಿಗೆ ಅದು ಭೂದಾಖಲೆಯೂ ಹೌದೆಂದು ಹೊಳೆಯಲಿಲ್ಲ.

ಕರ್ನಾಟಕದಲ್ಲೂ ದಾರಿ ಹುಡುಕಿದವರಿದ್ದಾರೆ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 2003ರಲ್ಲಿ ಶುರುವಾದ 'ನಮ್ಮ ಧ್ವನಿ', ಗಾಳಿಯಲ್ಲಿ ಬಿಡಲು ಅಪ್ಪಣೆಯಿಲ್ಲವೆಂದು ಕೇಬಲ್ಲಿನಲ್ಲಿ ದನಿ ಹರಿಸಿತು. ಹೆಗ್ಗಡದೇವನಕೋಟೆ ಸೀಮೆಯ ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ 2012ರಿಂದ 'ಜನಧ್ವನಿ' ನಡೆಸುತ್ತಿದೆ. ಜೇನು ಕುರುಬ, ಕಾಡು ಕುರುಬ, ಯರವ, ಸೋಲಿಗರು ಇರುವ ಸೀಮೆ ಅದು. ಕಾಡಿನ ಹುಡುಗರ ಕೊರಳು ರೇಡಿಯೋದಲ್ಲಿ ಕೇಳುವುದು ಸಣ್ಣ ಮಾತಲ್ಲ.

ಆದರೆ ನೋಡಿರಿ. 2025ರ ಮೇ 5ರಂದು ಜೇನು ಕುರುಬರ 52 ಕುಟುಂಬಗಳು ನಾಗರಹೊಳೆಯೊಳಗಿನ ತಮ್ಮ ಹಳೆಯ ಹಾಡಿ ಕರಡಿಕಲ್ಲು ಅತ್ತೂರು ಕೊಲ್ಲಿಗೆ, ಅರಣ್ಯ ಹಕ್ಕು ಕಾಯ್ದೆಯ ಬಲದ ಮೇಲೆ, ವಾಪಸು ನಡೆದವು. ಆ ಕಾಡಿನ ಸುತ್ತಲ ಹಾಡಿಗಳಿಗೆ ಅದಕ್ಕಿಂತ ದೊಡ್ಡ ಸಂಗತಿ ಯಾವುದಿದೆ? ನಿಯಮದ ಪ್ರಕಾರ ಯಾವ ಸಮುದಾಯ ನಿಲಯವೂ ಅದನ್ನು ತನ್ನದೇ ಸುದ್ದಿಯಾಗಿ ಹೇಳುವಂತಿಲ್ಲ. ದಿಲ್ಲಿಯ ಪತ್ರಿಕೆ ಬರೆಯಬಹುದು, ಪಕ್ಕದ ಹಾಡಿಯ ರೇಡಿಯೋ ಹೇಳಬಾರದು.

ಇನ್ನೊಂದು ತೊಡಕು ಇದಕ್ಕಿಂತ ಆಳದ್ದು. ಲೈಸೆನ್ಸು ನೋಂದಾಯಿತ ಸಂಸ್ಥೆಗೆ, ಅದೂ ಕನಿಷ್ಠ 3 ವರ್ಷ ಹಳೆಯದಕ್ಕೆ. ಹಾಡಿಗಿಲ್ಲ, ತಾಂಡಾಕ್ಕಿಲ್ಲ, ಗ್ರಾಮಸಭೆಗಿಲ್ಲ. ಮಾಚನೂರಿನಲ್ಲೂ ಕೊರಳು ಹೆಂಗಸರದು, ಕಾಗದ ಸೊಸೈಟಿಯದು. ಅಲ್ಲಿ ಆ ಇಬ್ಬರ ನಡುವೆ ನಂಬಿಕೆಯಿದೆ, ಸರಿ. ಆದರೆ ಎಲ್ಲ ಕಡೆ ನಂಬಿಕೆಯ ಮೇಲೆಯೇ ನಡೆಯಬೇಕೆ? ನಿಲಯಕ್ಕೆ ಕರೆಂಟ್ ಬಿಲ್ಲು ಕಟ್ಟಲು ದುಡ್ಡು ಬೇಕು, ದುಡ್ಡು ಬರುವುದು ಬಹುಪಾಲು ಸರ್ಕಾರದ ಇಲಾಖೆಗಳ ಜಾಹೀರಾತು, ಪ್ರಾಯೋಜಿತ ಕಾರ್ಯಕ್ರಮಗಳಿಂದ. ಅರಣ್ಯ ಇಲಾಖೆಯ ಜಾಹೀರಾತು ಹಾಕಿಕೊಂಡ ನಿಲಯ ಅರಣ್ಯ ಹಕ್ಕಿನ ಅರ್ಜಿ ಏಕೆ ತಿರಸ್ಕೃತವಾಯಿತೆಂದು ಕೇಳುವುದು ಎಷ್ಟು ದಿನ? ಮೈಕು ಕೇರಿಯವನ ಕೈಗೆ ಬಂದೂ ಅವನು ಸಾರುವುದು ಶೌಚಾಲಯದ, ಲಸಿಕೆಯ, ವಿಮೆಯ ಹುಕುಂ ಮಾತ್ರವಾದರೆ ಅದು ಕರೆಂಟಿನ ಹಲಗಿ.

ಗ್ವಾಟೆಮಾಲಾದ ಮಾಯಾ ಜನ ಇದೇ ಗೋಡೆಗೆ ತಲೆ ಹೊಡೆದವರು. ಅಲ್ಲಿ ತರಂಗಾಂತರಗಳನ್ನು ಹೆಚ್ಚು ಹಣ ಕೊಟ್ಟವರಿಗೆ ಹರಾಜು ಹಾಕುವ ಕಾನೂನು. ಸುಂಪಾಂಗೊ ಊರಿನ ಇಶ್ಚೆಲ್ ರೇಡಿಯೋ ಲೈಸೆನ್ಸಿಲ್ಲದೆ ನಡೆಯಿತು, ಪೊಲೀಸರು ನುಗ್ಗಿದರು. ಅಮೆರಿಕ ಖಂಡದ ಮಾನವ ಹಕ್ಕು ನ್ಯಾಯಾಲಯ 2021ರಲ್ಲಿ ತಪ್ಪು ಸರ್ಕಾರದ್ದೆಂದು ತೀರ್ಪಿತ್ತಿತು. ಹರಾಜಿನ ನಿಯಮ ಎಲ್ಲರಿಗೂ ಒಂದೇ ಎಂದು ಕಂಡರೂ ಬಡವರ ಸಮುದಾಯವನ್ನು ಅದು ಹೊರಗಿಡುತ್ತದೆ ಎಂಬುದು ಆ ತೀರ್ಪಿನ ಒಂದು ಎಳೆ. ಮೆರಿಟ್ ವಾದಕ್ಕೆ ನಾವು ಕೊಡುತ್ತ ಬಂದ ಉತ್ತರವೂ ಅದೇ ತಾನೆ.

ಲೈಸೆನ್ಸನ್ನೇ ಬಿಟ್ಟು ಹೋದವರೂ ಇದ್ದಾರೆ. ಛತ್ತೀಸಗಢದಲ್ಲಿ ಶುಭ್ರಾಂಶು ಚೌಧರಿ ಮತ್ತು ಸಂಗಡಿಗರು 2010ರಲ್ಲಿ ಶುರು ಮಾಡಿದ 'ಸಿಜಿನೆಟ್ ಸ್ವರ' ಫೋನಿನದು. ಫೋನ್ ಮಾಡಿ ಗೊಂಡಿಯಲ್ಲೋ ಹಿಂದಿಯಲ್ಲೋ ಮಾತು ಮುದ್ರಿಸಿದರೆ, ಇನ್ನೊಬ್ಬರು ಫೋನ್ ಮಾಡಿ ಕೇಳುತ್ತಾರೆ. ನಮ್ಮ ತಾಂಡಾಗಳಿಗೆ ಈ ದಾರಿ ಹೊಂದುತ್ತದೆ ಎಂದು ನನಗನಿಸಲು ಕಾರಣ ಗುಳೆ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕೂಲಿಗೆ ಗೋವಾಕ್ಕೆ ಹೋದವರಿಗೆ ತಿಕೋಟಾದ ಕಂಬ ಮುಟ್ಟುವುದಿಲ್ಲ, ಫೋನು ಮುಟ್ಟುತ್ತದೆ. ಆದರೆ ಫೋನಿಗೆ ರೀಚಾರ್ಜ್ ಬೇಕು, ರೇಡಿಯೋಕ್ಕೆ ಬೇಡ. ಊರಲ್ಲಿ ಉಳಿದ ಮುದುಕರಿಗೆ ರೇಡಿಯೋವೇ ಸರಿ. ಎರಡೂ ಬೇಕು.

ಕೊನೆಗೆ ನಿಯಮದೊಳಗಿನ ಒಂದು ಸಂದಿಯ ಬಗ್ಗೆ ಹೇಳಬೇಕು. ಮುಂದೆ ಬಂದ ತಿದ್ದುಪಡಿಗಳಲ್ಲಿ ಸರ್ಕಾರ ಕೆಲವು ವಿಷಯಗಳನ್ನು ಸುದ್ದಿಯಲ್ಲವೆಂದು ಬಿಟ್ಟುಕೊಟ್ಟಿದೆ: ಹವಾಮಾನ, ಆಟೋಟ, ಪರೀಕ್ಷೆಯ ಫಲಿತಾಂಶ, ನೌಕರಿ, ಮತ್ತು ನೀರು, ಕರೆಂಟು ಮುಂತಾದವುಗಳ ಬಗ್ಗೆ ಸ್ಥಳೀಯ ಆಡಳಿತ ಕೊಟ್ಟ ಸಾರ್ವಜನಿಕ ಪ್ರಕಟಣೆ. ಇಲ್ಲಿ 'ಸ್ಥಳೀಯ ಆಡಳಿತ' ಎಂದರೆ ತಹಸೀಲ್ದಾರ ಕಚೇರಿ ಮಾತ್ರವೆ? ಗ್ರಾಮಸಭೆ ಕಾನೂನಿನಿಂದಲೇ ಹುಟ್ಟಿದ ಸಭೆ. ಇಂಥ ದಿನ, ಇಂಥ ಗಿಡದ ಕೆಳಗೆ, ಇಂಥ ಸರ್ವೆ ನಂಬರಿನ ವಿಷಯಕ್ಕೆ ಸಭೆ ಸೇರುತ್ತೇವೆ, ದುಡಿಯಾಕ ಹೋದವರು ಬರ್ರಿ ಎಂದು ಗ್ರಾಮಸಭೆ ಗೋರಬೋಲಿಯಲ್ಲಿ ಹೊರಡಿಸುವ ಪ್ರಕಟಣೆ ಸುದ್ದಿಯಲ್ಲ, ಪ್ರಕಟಣೆಯೇ ಎಂದು ವಾದಿಸಲು ಜಾಗವಿದೆ. ವಕೀಲಿ ಓದುತ್ತಿರುವ ನಮ್ಮ ಹುಡುಗರು ಆ ಷರತ್ತಿನ ಮೂಲಪಾಠವನ್ನು ತಂದಿಟ್ಟುಕೊಂಡು ಕೂರಬೇಕು. ಪ್ರಶ್ನೆಯನ್ನು ಸರ್ಕಾರಕ್ಕೆ ಬರೆದು ಕೇಳಬಹುದು, ಉತ್ತರ ಬರದಿದ್ದರೆ ಕೋರ್ಟಿನಲ್ಲಿ ಕೇಳಬಹುದು.