ಬಾನೆಟ್ ಕೆಳಗಿನ ಶಂಕು: ಹಳೆಯ ಕಾರು ಮತ್ತು ಬದಲಾಯಿಸಿದ ಗಾಳಿಮಾರ್ಗ

ಬೆಂಗಳೂರಿನಂಥ ನಗರಗಳಲ್ಲಿ ಕೈಬದಲಾಗುವ ಸೆಕೆಂಡ್‌ಹ್ಯಾಂಡ್ ಕಾರುಗಳ ಪೈಕಿ ಕೆಲವಕ್ಕೆ ಹಿಂದಿನ ಮಾಲೀಕರು ಕಂಪನಿಯ ಏರ್ ಫಿಲ್ಟರ್ ಡಬ್ಬಿಯನ್ನು ತೆಗೆಸಿ, ಆ ಜಾಗದಲ್ಲಿ ರೇಸಿಂಗ್ ಫಿಲ್ಟರ್ ಎಂದು ಕರೆಯಲಾಗುವ ಶಂಕುವಿನಾಕಾರದ ತೆರೆದ ಫಿಲ್ಟರನ್ನೂ ಅಗಲವಾದ ಕೊಳವೆಯನ್ನೂ ಹಾಕಿಸಿರುತ್ತಾರೆ. ಆಕ್ಸಿಲರೇಟರ್ ಒತ್ತಿದಾಗ ಏಳುವ ಗಡುಸು ಸದ್ದನ್ನೇ ಹೆಚ್ಚಿದ ಪಿಕಪ್ ಎಂದು ನಂಬುವವರು ಬಹಳ; ಆದರೆ ಗಾಳಿಯ ಸದ್ದನ್ನು ತಗ್ಗಿಸಲೆಂದೇ ಮೂಲ ಗಾಳಿಮಾರ್ಗದಲ್ಲಿ ಇಡಲಾಗಿದ್ದ ರೆಸೊನೇಟರ್ ಎಂಬ ಟೊಳ್ಳು ಕೋಣೆ ಇಲ್ಲವಾದುದರಿಂದ ಆ ಸದ್ದು ಹೊರಬರುತ್ತದೆಯೇ ಹೊರತು ಅದು ಶಕ್ತಿಯ ಅಳತೆಯಲ್ಲ.

ಮೂಲ ಕೊಳವೆ ಸಾಮಾನ್ಯವಾಗಿ ಕಾರಿನ ಮುಂಭಾಗದಿಂದ ಹೊರಗಿನ ತಂಪು ಗಾಳಿಯನ್ನು ಎಳೆದುಕೊಂಡರೆ, ತೆರೆದ ಫಿಲ್ಟರ್ ಎಂಜಿನ್ನಿನ ಕಾವಿನಲ್ಲೇ ಉಸಿರಾಡುತ್ತದೆ. ಗಾಳಿಯ ಉಷ್ಣತೆ 30 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಏರಿದರೆ ಅದರ ಸಾಂದ್ರತೆ ಸುಮಾರು ಶೇ. 9ರಷ್ಟು ಇಳಿಯುವುದರಿಂದ, ಸಿಗ್ನಲ್‌ಗಳ ನಡುವೆ ತೆವಳುವ ಕಾರಿನಲ್ಲಿ ಈ ಬದಲಾವಣೆ ಶಕ್ತಿಯನ್ನು ಕೂಡಿಸುವ ಬದಲು ಕಳೆಯುವ ಸಾಧ್ಯತೆಯೇ ಹೆಚ್ಚು.

ಇದಕ್ಕಿಂತ ಗಂಭೀರವಾದದ್ದು ಅಳತೆಯ ತಪ್ಪು. ಪೆಟ್ರೋಲ್ ಸರಿಯಾಗಿ ಉರಿಯಲು ಪ್ರತಿ ಗ್ರಾಂಗೆ ಸುಮಾರು 14.7 ಗ್ರಾಂ ಗಾಳಿ ಬೇಕು. ಈ ಲೆಕ್ಕವನ್ನು ಕಾಯುವ ಇಸಿಯು, ಎಂದರೆ ಎಂಜಿನ್ನಿನ ಕಂಪ್ಯೂಟರು, ಅನೇಕ ಕಾರುಗಳಲ್ಲಿ ಎಂಎಎಫ್ ಸೆನ್ಸರ್ ಎಂಬ ಗಾಳಿಮಾಪಕವನ್ನು ಅವಲಂಬಿಸಿರುತ್ತದೆ. ಗಾಳಿಯ ಹಾದಿಯಲ್ಲಿ ಇರಿಸಿದ ಬಿಸಿ ತಂತಿಯೊಂದನ್ನು ಹರಿಯುವ ಗಾಳಿ ತಣಿಸುತ್ತಿರಲು, ಅದನ್ನು ಬಿಸಿಯಾಗಿಯೇ ಉಳಿಸಲು ಎಷ್ಟು ವಿದ್ಯುತ್ ಬೇಕಾಯಿತೆಂಬುದರಿಂದ ಒಳಹೋದ ಗಾಳಿಯ ಪ್ರಮಾಣ ತಿಳಿಯುತ್ತದೆ. ಈ ಲೆಕ್ಕ ಮೂಲ ಕೊಳವೆಯ ಅಗಲಕ್ಕೆ ಕಟ್ಟುಬಿದ್ದದ್ದು. ಸೆನ್ಸರ್ ಕುಳಿತಿರುವ ಕಡೆ ಕೊಳವೆಯ ವ್ಯಾಸ 60 ಮಿಲಿಮೀಟರ್‌ನಿಂದ 70ಕ್ಕೆ ಏರಿತೆನ್ನೋಣ: ಹರಿವಿನ ಜಾಗ ಶೇ. 36ರಷ್ಟು ಹಿಗ್ಗಿ, ಅಷ್ಟೇ ಗಾಳಿ ಈಗ ತಂತಿಯ ಮುಂದೆ ನಿಧಾನವಾಗಿ ಸಾಗುತ್ತದೆ. ಸೆನ್ಸರ್ ಗಾಳಿ ಕಡಿಮೆಯೆಂದು ವರದಿ ಕೊಡುತ್ತದೆ, ಇಸಿಯು ಪೆಟ್ರೋಲನ್ನು ಕಡಿಮೆ ಮಾಡುತ್ತದೆ. ಎಣ್ಣೆ ಸವರಿದ ಹತ್ತಿ ಫಿಲ್ಟರಿಗೆ ತೊಳೆದ ಮೇಲೆ ಎಣ್ಣೆ ಹೆಚ್ಚಾಗಿ ಬಿದ್ದಿದ್ದರೆ ಅದೂ ತಂತಿಗೆ ಅಂಟಿಕೊಂಡು ಅಳತೆಯನ್ನು ಕೆಡಿಸುತ್ತದೆ. ಹೊಗೆಕೊಳವೆಯಲ್ಲಿರುವ ಆಮ್ಲಜನಕ ಸೆನ್ಸರಿನ ನೆರವಿನಿಂದ ಇಸಿಯು ಈ ಕೊರತೆಯನ್ನು ಒಂದು ಮಿತಿಯವರೆಗೆ ತುಂಬಿಕೊಡುತ್ತದೆಯಾದರೂ, ಮಿತಿ ದಾಟಿದಾಗ ಚೆಕ್ ಎಂಜಿನ್ ದೀಪ ಹೊತ್ತಿ, ಇಂಧನ ಸಾಲದೆಂಬುದನ್ನು ಸೂಚಿಸುವ ಪಿ0171 ಎಂಬ ಕೋಡ್ ದಾಖಲಾಗುತ್ತದೆ. ಗಾಳಿಯ ಒತ್ತಡವನ್ನಷ್ಟೇ ಅಳೆಯುವ ಎಂಎಪಿ ಸೆನ್ಸರ್ ಇರುವ ಕಾರುಗಳಿಗೆ ಈ ನಿರ್ದಿಷ್ಟ ತೊಂದರೆ ಇಲ್ಲವೆಂಬುದನ್ನೂ ಹೇಳಬೇಕು.

ಆದರೆ ದೂಳು ಯಾವ ಕಾರನ್ನೂ ಬಿಡುವುದಿಲ್ಲ. ಕಳಪೆ ಫಿಲ್ಟರಿನ ಮೂಲಕವೋ ಸಡಿಲಗೊಂಡ ಕ್ಲಿಪ್ಪಿನ ಸಂದಿಯಲ್ಲೋ ನುಸುಳುವ ಮರಳಿನ ಸಣ್ಣ ಕಣಗಳು ಸಿಲಿಂಡರಿನ ಗೋಡೆಯನ್ನೂ ಪಿಸ್ಟನ್ ರಿಂಗುಗಳನ್ನೂ ಸವೆಸುತ್ತವೆ. ಎಂಜಿನ್ ಆಯಿಲ್ ಬೇಗ ಇಳಿಯುವುದು, ನೀಲಿ ಹೊಗೆ ಕಾಣುವುದು ಈ ಸವೆತದ ಗುರುತುಗಳು. ಮೂಲ ಡಬ್ಬಿಯನ್ನು ಮರಳಿ ಹಾಕಿಸಿದ ಮಾತ್ರಕ್ಕೆ ಈ ಹಾನಿ ಸರಿಹೋಗದು. ಒಬ್ಬರ ಖುಷಿಯ ಖರ್ಚನ್ನು ಅರಿಯದ ಇನ್ನೊಬ್ಬರು ತೆರುವಂತಾಗುವುದು ನಿಜಕ್ಕೂ ಅನ್ಯಾಯ. ಕಾರು ಕೊಳ್ಳುವವರು ಎಂಜಿನ್ ಆಫ್ ಇರುವಾಗ ಫಿಲ್ಟರಿನ ಆಚೆಯ ಕೊಳವೆಯೊಳಗೆ ಬಿಳಿ ಬಟ್ಟೆಯಿಂದ ಒರೆಸಿ ನೋಡುವುದು ಒಳ್ಳೆಯದು: ಅಲ್ಲಿ ಒಣ ದೂಳು ಸಿಕ್ಕರೆ ಅದು ಎಂಜಿನ್ನಿಗೂ ಹೋಗಿದೆಯೆಂದೇ ಅರ್ಥ.

ತಂಪು ಗಾಳಿಗಾಗಿ ಫಿಲ್ಟರನ್ನು ಬಂಪರಿನ ಹಿಂದೆ ಕೆಳಗಿಳಿಸಿದ್ದರೆ ಅಪಾಯ ಬೇರೆ ಬಗೆಯದು. ಬೆಂಗಳೂರಿನ ಹೊರವರ್ತುಲ ರಸ್ತೆ 2022ರ ಸೆಪ್ಟೆಂಬರಿನಲ್ಲಿ ಮುಳುಗಿದಂತೆ ರಸ್ತೆಯಲ್ಲಿ ನೀರು ನಿಂತಾಗ, ಫಿಲ್ಟರ್ ಎಳೆದುಕೊಂಡ ನೀರು ಸಿಲಿಂಡರಿಗೆ ಸೇರಿ, ಗಾಳಿಯಂತೆ ಕುಗ್ಗದ ಆ ನೀರನ್ನು ಒತ್ತಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಇಲ್ಲದವರಿಗೆ ಇದರ ಪರಿಹಾರ ಸಾಮಾನ್ಯವಾಗಿ ಸಿಗುವುದಿಲ್ಲ.

ಮಾರುವವರ ಬಳಿ ಮೂಲ ಡಬ್ಬಿ ಇದೆಯೇ ಎಂದು ವಿಚಾರಿಸುವುದರ ಜೊತೆಗೆ, ಸ್ಕ್ಯಾನರ್ ಹಾಕಿಸಿ ಫ್ಯೂಯಲ್ ಟ್ರಿಮ್, ಎಂದರೆ ಇಸಿಯು ಇಂಧನವನ್ನು ಎಷ್ಟು ತಿದ್ದುತ್ತಿದೆ ಎಂಬ ಅಂಕಿ, ಸತತವಾಗಿ ಶೇ. 10ನ್ನು ಮೀರಿದೆಯೇ ಎಂದು ನೋಡಬೇಕು. ಕೋಡ್‌ಗಳೇ ಇಲ್ಲದಿದ್ದರೂ ಸ್ಕ್ಯಾನರಿನ ರೆಡಿನೆಸ್ ಪಟ್ಟಿಯಲ್ಲಿ ಹಲವು ಪರೀಕ್ಷೆಗಳು ಅಪೂರ್ಣವೆಂದು ತೋರಿದರೆ, ಬ್ಯಾಟರಿ ಕಳಚಿದ್ದಿರಬಹುದು, ಇಲ್ಲವೇ ದೋಷಗಳನ್ನು ಇತ್ತೀಚೆಗಷ್ಟೇ ಅಳಿಸಿದ್ದಿರಬಹುದು. ಅಂಥ ಕಾರನ್ನು ಕೆಲವು ದಿನ ಓಡಿಸಿ ಮತ್ತೆ ಸ್ಕ್ಯಾನ್ ಮಾಡಿಸುವವರೆಗೆ ಮುಂಗಡ ಕೊಡಬಾರದು.