ಚೆಂಡು ಕೈಯಲ್ಲೇ ಇತ್ತು, ಆದರೂ ಕೊಟ್ಟರು

ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಓದುವ ನಮ್ಮಂಥವರಿಗೆ ಭಾನುವಾರ ಎಂದರೆ ರಜೆಯಲ್ಲ, ಮಾಕ್ ಟೆಸ್ಟ್. ಮೊನ್ನೆಯ ಟೆಸ್ಟ್‌ನಲ್ಲಿ ಒಂದು ಪ್ರಶ್ನೆ ಇತ್ತು: ಅಂತರರಾಷ್ಟ್ರೀಯ ಫುಟ್‌ಬಾಲ್‌ನಲ್ಲಿ ಅತಿ ಹೆಚ್ಚು ಗೋಲು ಗಳಿಸಿದವರು ಯಾರು? ಆಯ್ಕೆಗಳು ರೊನಾಲ್ಡೊ, ಮೆಸ್ಸಿ, ಸುನಿಲ್ ಚೆಟ್ರಿ ಮತ್ತು ‘ಮೇಲಿನ ಯಾರೂ ಅಲ್ಲ’. ನಾನು ಖುಷಿಯಿಂದ ನಾಲ್ಕನೆಯದಕ್ಕೆ ಗುರುತು ಹಾಕಿದೆ. ಕೀ ಉತ್ತರದಲ್ಲಿ ರೊನಾಲ್ಡೊ ಇದ್ದರು. ಬರಬೇಕಿದ್ದ ಒಂದು ಅಂಕ ಬರಲಿಲ್ಲ, ನೆಗೆಟಿವ್ ಮಾರ್ಕಿಂಗ್‌ನಲ್ಲಿ ಕಾಲು ಅಂಕವೂ ಹೋಯಿತು.

‘ಸರ್, 190 ಗೋಲು ಹೊಡೆದವರು ಕ್ರಿಸ್ಟಿನ್ ಸಿಂಕ್ಲೇರ್’ ಎಂದೆ. ‘ಅದು ಹೆಣ್ಮಕ್ಕಳದು. ಇಲ್ಲಿ ಗಂಡಸರದು ಅಂತ ತಿಳ್ಕೋಬೇಕಲ್ಲವಾ’ ಎಂದರು. ಪ್ರಶ್ನೆಯಲ್ಲಿ ಹಾಗೆಂದು ಎಲ್ಲಿಯೂ ಬರೆದಿರಲಿಲ್ಲ. ಹಿಂದಿನ ಬೆಂಚಿನವರು ನಕ್ಕರು, ನಾನು ಕುಳಿತುಕೊಂಡೆ. ಆದರೆ ಸಿಂಕ್ಲೇರ್ ಬಗ್ಗೆ ಹೇಳಬೇಕಾದ್ದು ತಲೆಯಲ್ಲೇ ಉಳಿಯಿತು. ಅದನ್ನು ಇಲ್ಲಿ ಹೇಳುತ್ತಿದ್ದೇನೆ.

ಕೆನಡಾದ ಪಶ್ಚಿಮದ ತುದಿಯಲ್ಲಿ, ವ್ಯಾಂಕೂವರ್‌ಗೆ ಅಂಟಿಕೊಂಡಂತೆ ಇರುವ ಬರ್ನಬಿ ಅವರ ಊರು. ಹುಟ್ಟಿದ್ದು 1983ರಲ್ಲಿ. ಸೋದರಮಾವಂದಿರಿಬ್ಬರೂ ವೃತ್ತಿಪರ ಫುಟ್‌ಬಾಲ್ ಆಡಿದವರು. ನಾಲ್ಕು ವರ್ಷದ ಹುಡುಗಿ ತನಗಿಂತ ದೊಡ್ಡ ಮಕ್ಕಳ ತಂಡದಲ್ಲಿ ಆಟ ಶುರು ಮಾಡಿದಳು. ಕೊನೆಯವರೆಗೂ ತೊಟ್ಟ 12ನೇ ನಂಬರಿನ ಜೆರ್ಸಿ ಮಾತ್ರ ಬೇಸ್‌ಬಾಲ್ ಆಟಗಾರ ರೊಬರ್ಟೊ ಅಲೊಮಾರ್ ಮೇಲಿನ ಅಭಿಮಾನಕ್ಕೆ! 2000ದ ಮಾರ್ಚ್‌ನಲ್ಲಿ, ಪೋರ್ಚುಗಲ್‌ನ ಅಲ್ಗಾರ್ವ್ ಕಪ್‌ನಲ್ಲಿ ಕೆನಡಾ ಪರ ಮೊದಲ ಪಂದ್ಯ ಆಡಿದಾಗ ವಯಸ್ಸು ಹದಿನಾರು. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಸೈನ್ಸೋ ಕಾಮರ್ಸೋ ಎಂದು ಮನೆಯಲ್ಲಿ ಜಗಳ ನಡೆಯುವ ವಯಸ್ಸು.

ಅಲ್ಲಿಂದ 23 ವರ್ಷ ಆಡಿದರು. ಐದು ವಿಶ್ವಕಪ್‌ಗಳಲ್ಲಿ ಗೋಲು ಹೊಡೆದರು. 2020ರ ಜನವರಿ 29ರಂದು ಅಮೆರಿಕದ ಆ್ಯಬಿ ವಾಂಬಾಕ್ ಅವರ 184 ಗೋಲುಗಳ ದಾಖಲೆ ಮುರಿದರು. ಜಿ.ಕೆ. ನೋಟ್ಸ್‌ಗೆ ಇಷ್ಟು ಸಾಕು. ಆದರೆ ಈ ಅಂಕಿಗಳ ನಡುವೆ ಎಷ್ಟು ಸೋಲುಗಳಿವೆ ಎನ್ನುವುದು ಯಾವ ನೋಟ್ಸ್‌ನಲ್ಲೂ ಸಿಗುವುದಿಲ್ಲ.

2011ರ ವಿಶ್ವಕಪ್ ನೋಡಿ. ಬರ್ಲಿನ್‌ನಲ್ಲಿ ಆತಿಥೇಯ ಜರ್ಮನಿ ವಿರುದ್ಧ ಮೊದಲ ಪಂದ್ಯ. ಎದುರಾಳಿಯ ಮೊಣಕೈ ತಗುಲಿ ಸಿಂಕ್ಲೇರ್ ಮೂಗು ಮುರಿಯಿತು. ಹೊರಗೆ ಬರಲು ಒಪ್ಪದೆ ಆಡಿದರು, ಫ್ರೀ ಕಿಕ್‌ನಲ್ಲಿ ಗೋಲೂ ಹೊಡೆದರು. ಇಷ್ಟಾಗಿಯೂ ಕೆನಡಾ ಸೋತಿತು. ಮುಂದಿನ ಎರಡೂ ಪಂದ್ಯ ಸೋತು, 16 ತಂಡಗಳಲ್ಲಿ ಕೊನೆಯ ಸ್ಥಾನ ಪಡೆಯಿತು. ಇಡೀ ಟೂರ್ನಿಯಲ್ಲಿ ತಂಡಕ್ಕೆ ಬಂದದ್ದು ಅದೊಂದೇ ಗೋಲು.

ಮರುವರ್ಷ ಲಂಡನ್ ಒಲಿಂಪಿಕ್ಸ್. ಓಲ್ಡ್ ಟ್ರಾಫರ್ಡ್‌ನಲ್ಲಿ ಅಮೆರಿಕ ವಿರುದ್ಧ ಸೆಮಿಫೈನಲ್. ಸಿಂಕ್ಲೇರ್ ಹ್ಯಾಟ್ರಿಕ್ ಹೊಡೆದರು. ಮೂರು ಸಲ ಕೆನಡಾ ಮುನ್ನಡೆಯಿತು, ಮೂರು ಸಲವೂ ಅಮೆರಿಕ ಸಮ ಮಾಡಿತು. ಮೂರನೆಯದು ಬಂದ ರೀತಿ ವಿಚಿತ್ರ. ಗೋಲ್‌ಕೀಪರ್ ಚೆಂಡನ್ನು ಆರು ಸೆಕೆಂಡಿಗಿಂತ ಹೆಚ್ಚು ಕೈಯಲ್ಲಿ ಹಿಡಿಯಬಾರದು ಎಂಬ ನಿಯಮ ಆಗ ಪುಸ್ತಕದಲ್ಲಿತ್ತು, ಮೈದಾನದಲ್ಲಿ ರೆಫರಿಗಳು ಅದನ್ನು ಬಳಸುತ್ತಿದ್ದದ್ದು ಅಪರೂಪ. ಆ ದಿನ ಬಳಸಿದರು. ಅದಕ್ಕೆ ಸಿಕ್ಕ ಫ್ರೀ ಕಿಕ್ ಕೆನಡಾ ಆಟಗಾರ್ತಿಯೊಬ್ಬರ ತೋಳಿಗೆ ಬಡಿದು ಪೆನಾಲ್ಟಿಯಾಯಿತು. ಕೊನೆಗೆ 123ನೇ ನಿಮಿಷದಲ್ಲಿ ಅಲೆಕ್ಸ್ ಮಾರ್ಗನ್ ತಲೆಯಿಂದ ಹೊಡೆದ ಚೆಂಡು ಬಲೆ ಸೇರಿತು. 4–3. ಸೆಮಿಫೈನಲ್‌ನಲ್ಲಿ ಹ್ಯಾಟ್ರಿಕ್ ಹೊಡೆದೂ ಸೋತವರ ಮುಖ ಹೇಗಿರುತ್ತದೆ ಎಂದು ತಿಳಿಯಬೇಕಾದರೆ ಆ ವಿಡಿಯೊದ ಕೊನೆಯ ನಿಮಿಷ ನೋಡಬೇಕು. ರೆಫರಿ ಬಗ್ಗೆ ಸಿಟ್ಟಿನಿಂದ ಮಾತನಾಡಿದ್ದಕ್ಕೆ ಫಿಫಾ ಮುಂದೆ ಅವರನ್ನು ನಾಲ್ಕು ಪಂದ್ಯ ಹೊರಗಿಟ್ಟಿತು. ಮೂರು ದಿನ ಬಿಟ್ಟು ಫ್ರಾನ್ಸ್ ವಿರುದ್ಧ ಕಂಚು ಬಂತು. ಇಂಜುರಿ ಟೈಮ್‌ನಲ್ಲಿ ಆ ಗೋಲು ಹೊಡೆದದ್ದು ಸಿಂಕ್ಲೇರ್ ಅಲ್ಲ, ಡಯಾನಾ ಮ್ಯಾಥೆಸನ್.

ಇಷ್ಟೆಲ್ಲ ನಾನು ಹುಡುಕಿ ಓದಿದ್ದಕ್ಕೆ ಒಂದು ಕಾರಣವಿದೆ.

ಡಿಗ್ರಿಯಲ್ಲಿ ನಾನು ಕಾಲೇಜು ತಂಡದ ಫಾರ್ವರ್ಡ್, ಜತೆಗೆ ಕ್ಯಾಪ್ಟನ್. ದೊಡ್ಡ ತಂಡವೇನಲ್ಲ. ಹನ್ನೊಂದು ಹುಡುಗಿಯರನ್ನು ಸೇರಿಸಲು ಕೊಕ್ಕೊ ತಂಡದಿಂದ ಇಬ್ಬರನ್ನು ಕರೆತಂದಿದ್ದೆವು. ಹೇಗೋ ಅಂತರ ಕಾಲೇಜು ಸೆಮಿಫೈನಲ್‌ವರೆಗೆ ಬಂದೆವು, ಪಂದ್ಯ ಶೂಟೌಟ್‌ಗೆ ಹೋಯಿತು. ಐದನೇ ಕಿಕ್ ಯಾರದು? ಪ್ರಾಕ್ಟೀಸ್‌ನಲ್ಲಿ ಒಂದೂ ತಪ್ಪದೆ ಹೊಡೆಯುತ್ತಿದ್ದವಳು ಜೂನಿಯರ್ ಡಿಫೆಂಡರ್. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡೇ ನಿಂತಿದ್ದೆ. ಕ್ಯಾಪ್ಟನ್ ನಾನು, ಟೂರ್ನಿಯಲ್ಲಿ ಹೆಚ್ಚು ಗೋಲು ನನ್ನವು, ಅದು ನನ್ನ ಕೊನೆಯ ವರ್ಷ. ಹೊಡೆದೆ. ಚೆಂಡು ಬಾರ್ ಮೇಲೆ ಹಾರಿ, ಹಿಂದಿನ ಹುಣಸೆಮರಕ್ಕೆ ಬಡಿಯಿತು.

ಯಾರೂ ಬೈಯಲಿಲ್ಲ. ವಾಪಸ್ ಬರುವ ಬಸ್ಸಿನಲ್ಲಿ ಯಾರೂ ಮಾತನಾಡಲಿಲ್ಲ, ಅಷ್ಟೇ.

ಹಾಸ್ಟೆಲ್‌ನಲ್ಲಿ ಆ ರಾತ್ರಿ ಮೊಬೈಲ್‌ನಲ್ಲಿ ಪೆನಾಲ್ಟಿ ವಿಡಿಯೊಗಳನ್ನು ನೋಡುತ್ತ ಮಲಗಿದ್ದೆ. ನನ್ನಂತೆ ಯಾರ್‍ಯಾರು ತಪ್ಪಿಸಿದ್ದಾರೆ ಎಂದು ಲೆಕ್ಕ ಹಾಕುವ ಸಮಾಧಾನ. ಆಗ ಸಿಕ್ಕಿದ್ದು ಟೋಕಿಯೊ ಒಲಿಂಪಿಕ್ಸ್‌ನ ಸೆಮಿಫೈನಲ್. 2021ರ ಆಗಸ್ಟ್ 2. ಅದೇ ದಿನ ನಮ್ಮ ಹಾಕಿ ಹುಡುಗಿಯರು ಆಸ್ಟ್ರೇಲಿಯಾವನ್ನು 1–0ಯಿಂದ ಸೋಲಿಸಿದ್ದರಿಂದ ನಮ್ಮ ಮನೆಯಲ್ಲೂ ಬೇರೆ ಆಟದ ಮಾತೇ ಇರಲಿಲ್ಲ. ಅತ್ತ ಕಾಶಿಮಾದಲ್ಲಿ ಕೆನಡಾಕ್ಕೆ ಮತ್ತೆ ಅಮೆರಿಕವೇ ಎದುರು. 2001ರ ನಂತರ ಕೆನಡಾ ಅವರನ್ನು ಒಮ್ಮೆಯೂ ಸೋಲಿಸಿರಲಿಲ್ಲ. ಮುಕ್ಕಾಲು ಗಂಟೆಯ ಎರಡನೇ ಅವಧಿಯಲ್ಲಿ ಕೆನಡಾಕ್ಕೆ ಪೆನಾಲ್ಟಿ ಸಿಕ್ಕಿತು. ಚೆಂಡು ಎತ್ತಿಕೊಂಡವರು ಸಿಂಕ್ಲೇರ್. ಕ್ಯಾಪ್ಟನ್, 38 ವರ್ಷ, 185ಕ್ಕೂ ಹೆಚ್ಚು ಗೋಲು, ಒಂಬತ್ತು ವರ್ಷದ ಹಳೆಯ ಬಾಕಿ. ಅವರು ನಡೆದುಹೋಗಿ ಚೆಂಡನ್ನು 23 ವರ್ಷದ ಜೆಸ್ಸಿ ಫ್ಲೆಮಿಂಗ್ ಕೈಗೆ ಕೊಟ್ಟರು.

ಆ ಮೂರು ಸೆಕೆಂಡನ್ನು ನಾನು ಎಷ್ಟು ಸಲ ಹಿಂದಕ್ಕೆ ಎಳೆದು ನೋಡಿದೆನೋ ಲೆಕ್ಕವಿಲ್ಲ.

ಫ್ಲೆಮಿಂಗ್ ಗೋಲು ಹೊಡೆದರು, ಕೆನಡಾ ಗೆದ್ದಿತು. ಹಾಗೆಂದು ಚೆಂಡು ಕೊಟ್ಟಾಗಲೆಲ್ಲ ಹೀಗೇ ಆಗುವುದಿಲ್ಲ. 2019ರ ವಿಶ್ವಕಪ್‌ನಲ್ಲಿ ಸ್ವೀಡನ್ ವಿರುದ್ಧ ಸಿಂಕ್ಲೇರ್ ಇದೇ ರೀತಿ ಪೆನಾಲ್ಟಿಯನ್ನು ಜನೈನ್ ಬೆಕಿಗೆ ಬಿಟ್ಟಿದ್ದರು. ಗೋಲ್‌ಕೀಪರ್ ಅದನ್ನು ತಡೆದರು, ಕೆನಡಾ ಮನೆಗೆ ಹೋಯಿತು. ಟೋಕಿಯೊದ ಕ್ವಾರ್ಟರ್‌ಫೈನಲ್ ಶೂಟೌಟ್‌ನಲ್ಲಿ ಬ್ರೆಜಿಲ್ ಎದುರು ಮೊದಲ ಕಿಕ್ ತಾವೇ ತೆಗೆದುಕೊಂಡರು, ಅದನ್ನೂ ತಡೆದರು. ಗೋಲ್‌ಕೀಪರ್ ಸ್ಟೆಫನಿ ಲಾಬೆ ಎರಡು ಕಿಕ್ ಹಿಡಿದದ್ದರಿಂದ ತಂಡ ಉಳಿಯಿತು. ಅಂದರೆ ಕೊಟ್ಟು ಸೋತದ್ದೂ ಉಂಟು, ಇಟ್ಟುಕೊಂಡು ತಪ್ಪಿಸಿದ್ದೂ ಉಂಟು. ಎರಡನ್ನೂ ಕಂಡ ಮೇಲೂ ಮತ್ತೆ ಕೊಟ್ಟರಲ್ಲ, ನನಗೆ ಅದು ಅಚ್ಚರಿ.

ಫೈನಲ್‌ನಲ್ಲಿ ಸ್ವೀಡನ್. ಪೆನಾಲ್ಟಿ ಆವರಣದಲ್ಲಿ ಸಿಂಕ್ಲೇರ್ ಅವರನ್ನು ಕೆಡವಿದ್ದಕ್ಕೆ ಸಿಕ್ಕ ಕಿಕ್ ಅನ್ನು ಫ್ಲೆಮಿಂಗ್ ಹೊಡೆದು 1–1 ಮಾಡಿದರು. 86ನೇ ನಿಮಿಷಕ್ಕೆ ಕೋಚ್ ಸಿಂಕ್ಲೇರ್ ಅವರನ್ನು ಹೊರಗೆ ಕರೆದರು. ಚಿನ್ನ ನಿರ್ಧಾರವಾದ ಶೂಟೌಟನ್ನು ಅವರು ಗೆರೆಯಾಚೆ ನಿಂತು ನೋಡಿದರು. ಕೊನೆಯ ಕಿಕ್ ಜೂಲಿಯಾ ಗ್ರೊಸೊ ಅವರದು. ಗ್ರೊಸೊ ಹುಟ್ಟಿದ್ದು 2000ದ ಆಗಸ್ಟ್‌ನಲ್ಲಿ, ಸಿಂಕ್ಲೇರ್ ಕೆನಡಾ ಪರ ಆಡಲು ಶುರು ಮಾಡಿ ಐದು ತಿಂಗಳಾದ ಮೇಲೆ.

ಚಿನ್ನ ಬಂದ ಮೇಲೆ ಎಲ್ಲ ಸುಖವಾಯಿತು ಎಂದೇನೂ ಅಲ್ಲ. 2023ರಲ್ಲಿ ಸಮಾನ ವೇತನ, ಸಮಾನ ಸೌಲಭ್ಯಕ್ಕಾಗಿ ಅದೇ ತಂಡ ತನ್ನದೇ ಫುಟ್‌ಬಾಲ್ ಸಂಸ್ಥೆಯ ವಿರುದ್ಧ ಹೋರಾಡಬೇಕಾಯಿತು. ಸಿಂಕ್ಲೇರ್ ಸಂಸತ್ತಿನ ಸಮಿತಿಯ ಮುಂದೆ ಹೋಗಿ ಮಾತನಾಡಿದರು. ಆ ವರ್ಷದ ವಿಶ್ವಕಪ್‌ನಲ್ಲಿ ನೈಜೀರಿಯಾ ವಿರುದ್ಧ ಪೆನಾಲ್ಟಿ ತಪ್ಪಿಸಿದರು, ಆಗ ಅವರಿಗೆ ನಲವತ್ತು. ಡಿಸೆಂಬರ್‌ನಲ್ಲಿ ವ್ಯಾಂಕೂವರ್‌ನಲ್ಲಿ ವಿದಾಯದ ಪಂದ್ಯ ನಡೆದಾಗ ಒಂದು ದಿನದ ಮಟ್ಟಿಗೆ ಆ ಸ್ಟೇಡಿಯಂಗೇ ಅವರ ಹೆಸರಿಟ್ಟಿದ್ದರು.

ಮಾಕ್ ಟೆಸ್ಟ್ ಮುಗಿಸಿ ರೂಮಿಗೆ ಬಂದವಳು ಆ ಜೂನಿಯರ್‌ಗೆ ಫೋನ್ ಮಾಡಿದೆ. ಈಗ ಅವಳೂ ಪೊಲೀಸ್ ನೇಮಕಾತಿಗೆ ಓದುತ್ತಿದ್ದಾಳೆ. ಅವತ್ತಿನ ಐದನೇ ಕಿಕ್ ಬಗ್ಗೆ ನಾವಿಬ್ಬರೂ ಯಾವತ್ತೂ ಮಾತಾಡಿರಲಿಲ್ಲ. ‘ಅವತ್ತು ಚೆಂಡು ನಿನಗೆ ಕೊಡಬೇಕಿತ್ತು’ ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಜೋರಾಗಿ ನಕ್ಕಳು.

‘ಅಕ್ಕಾ, ನೀ ಕೊಟ್ಟಿದ್ರ ನಾ ಅಲ್ಲೇ ಬಿದ್ದುಬಿಡ್ತಿದ್ದೆ. ಕಾಲು ಥರಥರ ನಡಗಾಕತ್ತಿದ್ವು. ಎಲ್ಲಿ ಕೊಡ್ತೀಯೋ ಅಂತ ಹೆದರಿ ನಿನ್ನ ಮುಖ ನೋಡಾಕತ್ತಿದ್ದೆ.’

ಅರ್ಧ ಗಂಟೆ ಮಾತಾಡಿದೆವು. ಮುಂದಿನ ಭಾನುವಾರದ ಟೆಸ್ಟ್‌ಗೆ ಅವಳೂ ಬರುತ್ತಾಳಂತೆ. ಆ ಕಾಲು ಅಂಕಕ್ಕಾಗಿ ಸರ್ ಹತ್ತಿರ ಇನ್ನೊಮ್ಮೆ ಹೋಗೋಣ, ಈ ಸಲ ಮಾತು ತಾನು ಆಡುತ್ತೇನೆ ಎಂದಿದ್ದಾಳೆ.