ತೊಟ್ಟಿಯ ಪಾಚಿ

ನಿವೃತ್ತಿಯ ಬಿಡುವಿನಲ್ಲಿ ನಾನು ಗಾಜಿನ ತೊಟ್ಟಿಯೊಂದರಲ್ಲಿ ಮೀನುಗಳನ್ನೂ ಜಲಸಸ್ಯಗಳನ್ನೂ ಬೆಳೆಸತೊಡಗಿದೆ. ಕಿಟಕಿಯ ಬಿಸಿಲಿಗೆ ಇರಿಸಿದ್ದರಿಂದ ತಿಂಗಳೊಳಗೆ ಗಾಜೆಲ್ಲ ಪಾಚಿಗಟ್ಟಿತು. ಅವಸರಪಟ್ಟು ಪಾಚಿನಾಶಕ ಸುರಿದೆ. ಪಾಚಿಯೇನೋ ಸತ್ತಿತು, ಅದು ಕೊಳೆಯುವಾಗ ನೀರಿನ ಆಮ್ಲಜನಕ ವ್ಯಯವಾಗಿ, ಬೆಳಗಾಗುವಷ್ಟರಲ್ಲಿ ಎರಡು ಮೀನುಗಳು ಸತ್ತು ತೇಲುತ್ತಿದ್ದವು.

ಪಾಚಿಯನ್ನು ಬೆಳೆಸಿದವನು ನಾನೇ ಎಂಬುದು ಆಗ ಅರಿವಾಯಿತು. ಅತಿಯಾದ ಬೆಳಕು, ಮಿಕ್ಕ ಆಹಾರದಿಂದ ಹುಟ್ಟುವ ನೈಟ್ರೇಟ್, ಫಾಸ್ಫೇಟ್ ಲವಣಗಳು ಅದರ ಜೀವಾಳ. ಆದುದರಿಂದ ತೊಟ್ಟಿಯನ್ನು ನೆರಳಿಗೆ ಸರಿಸಿ, ದೀಪವನ್ನು ದಿನಕ್ಕೆ 6ರಿಂದ 8 ಗಂಟೆಗೆ ಮಿತಗೊಳಿಸಬೇಕು. ಮೀನುಗಳು ಕೂಡಲೇ ತಿಂದು ಮುಗಿಸುವಷ್ಟೇ ಆಹಾರ ಹಾಕಬೇಕು. ವಾರಕ್ಕೊಮ್ಮೆ ಕಾಲುಭಾಗ ನೀರನ್ನು, ಕ್ಲೋರಿನ್ ಕಳೆದ ಹೊಸ ನೀರಿನಿಂದ ಬದಲಿಸಬೇಕು. ವ್ಯಾಲಿಸ್ನೇರಿಯದಂತಹ ಗಿಡಗಳು ದಟ್ಟವಾಗಿ ಬೆಳೆದರೆ ಆ ಲವಣಗಳನ್ನು ತಾವೇ ಹೀರಿಕೊಳ್ಳುತ್ತವೆ.

ಈಗಲೂ ಕಲ್ಲಿನ ಮೇಲೆ ಒಂದಿಷ್ಟು ಪಾಚಿಯಿದೆ. ಅದನ್ನು ನಾನು ಉಜ್ಜುವುದಿಲ್ಲ. ಬಸವನಹುಳುಗಳಿಗೆ ಅದೇ ಅನ್ನ.